ಮಕ್ಕಳ ಜೀವನಾಂಶ ವಸೂಲಿ ಕಚೇರಿಯ ಮೇಲ್ವಿಚಾರಣೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಮಗುವಿನಿಂದ ಬೇರೆಯಾಗಿ ವಾಸಿಸುವ ತಂದೆ ಅಥವಾ ತಾಯಿಯಿಂದ ಅದರ ಪೋಷಣೆಗೆಂದು ನಿಗದಿಯಾದ ಹಣವನ್ನು ವಸೂಲು ಮಾಡುವ ಅಮೆರಿಕದ ಸರ್ಕಾರಿ ಕಚೇರಿಗಳಲ್ಲಿ, ಪ್ರಕರಣ ನಿರ್ವಾಹಕರಿಗೆ ಕೆಲಸ ಹಂಚಿ, ಅದನ್ನು ಪರಿಶೀಲಿಸಿ ತಿದ್ದುವ ಹೊಣೆಗಾರಿಕೆ. 1975ರಲ್ಲಿ ಸಾಮಾಜಿಕ ಭದ್ರತಾ ಕಾಯಿದೆಗೆ ಸೇರಿಸಲಾದ ನಾಲ್ಕನೆಯ ಅಧ್ಯಾಯದ 'ಡಿ' ಭಾಗ ಈ ವ್ಯವಸ್ಥೆಯ ತಳಹದಿ. ಕಚೇರಿಗಳನ್ನು ರಾಜ್ಯಗಳೋ ಕೌಂಟಿಗಳೋ ನಡೆಸಿದರೂ ಅರ್ಹ ಆಡಳಿತ ವೆಚ್ಚದ ಶೇ. 66ರಷ್ಟನ್ನು ಒಕ್ಕೂಟ ಸರ್ಕಾರ ಭರಿಸುವುದರಿಂದ ಅದರ ನಿಯಮಗಳೇ ಇಲ್ಲಿನ ದಿನಚರಿಯನ್ನು ರೂಪಿಸುತ್ತವೆ.

ಅರ್ಜಿ ಬಂದ 20 ದಿನಗಳೊಳಗೆ ಕಡತ ತೆರೆಯಬೇಕು. ಬೇರೆ ವಾಸಿಸುವ ಪಾಲಕರ ವಿಳಾಸ ತಿಳಿಯದಿದ್ದರೆ ಲಭ್ಯ ಮೂಲಗಳನ್ನೆಲ್ಲ 75 ದಿನಗಳೊಳಗೆ ಜಾಲಾಡಬೇಕು. ಪತ್ತೆಯಾದ 90 ದಿನಗಳೊಳಗೆ ಜೀವನಾಂಶದ ಆದೇಶ ಪಡೆಯಬೇಕು ಅಥವಾ ನೋಟಿಸ್ ಜಾರಿಯಾಗಿರಬೇಕು. ಮೇಲ್ವಿಚಾರಕರು ಮಾದರಿಗೆಂದು ಕಡತವೊಂದನ್ನು ತೆಗೆದಾಗ ಮೊದಲು ನೋಡುವುದು ಈ ದಿನಾಂಕಗಳನ್ನೇ. ಬಳಿಕ ಉದ್ಯೋಗದಾತರಿಗೆ ವೇತನ ಕಡಿತದ ಆದೇಶ ಹೋಗಿದೆಯೇ, ಕೌಟುಂಬಿಕ ಹಿಂಸೆಯ ಸೂಚನೆಯಿದ್ದಲ್ಲಿ ವಿಳಾಸವನ್ನು ಗುಟ್ಟಾಗಿಡಲಾಗಿದೆಯೇ ಎಂಬುದನ್ನು.

1998ರ ಒಕ್ಕೂಟ ಕಾಯಿದೆಯೊಂದು ರಾಜ್ಯಗಳಿಗೆ ಸಿಗುವ ಪ್ರೋತ್ಸಾಹಧನವನ್ನು ಪಿತೃತ್ವ ನಿರ್ಣಯ, ಆದೇಶಗಳ ಪ್ರಮಾಣ, ಚಾಲ್ತಿ ಕಂತಿನ ವಸೂಲಿ, ಬಾಕಿ ವಸೂಲಿ, ವೆಚ್ಚದ ದಕ್ಷತೆ ಎಂಬ ಐದು ಅಳತೆಗಳಿಗೆ ಜೋಡಿಸಿತು. ಅಂಕಿಗಳ ಈ ಒತ್ತಡದಲ್ಲಿ ಸುಲಭ ಪ್ರಕರಣಗಳಿಗೆ ಕೈಹಾಕಿ ಜಟಿಲವಾದವನ್ನು ಮೂಲೆಗೆ ತಳ್ಳುವ ಚಾಳಿ ಸಿಬ್ಬಂದಿಯಲ್ಲಿ ಬೆಳೆಯಬಹುದು. ಅದನ್ನು ಗುರುತಿಸುವುದೇ ಬಹುಶಃ ಈ ಹುದ್ದೆಯ ಕಠಿಣ ಭಾಗ.

ಹಣ ಸ್ವೀಕರಿಸುವವರೂ ಲೆಕ್ಕ ಬರೆಯುವವರೂ ಸಾಮಾನ್ಯವಾಗಿ ಬೇರೆಬೇರೆಯವರಾಗಿರಬೇಕೆಂಬುದು, ಒಕ್ಕೂಟದ ತೆರಿಗೆ ಮಾಹಿತಿಯನ್ನು ಅಗತ್ಯವುಳ್ಳವರಷ್ಟೇ ನೋಡಬೇಕೆಂಬುದು ಕಡ್ಡಾಯ ನಿಯಮಗಳು.