ಎರಡಾಣೆಯ ಉಳಿತಾಯ, ಮುಪ್ಪಿನ ಲೆಕ್ಕ

ಕದ್ರಿ ಪಾರ್ಕಿನ ಬೆಂಚುಗಳ ಮೇಲೆ ಸಂಜೆ ಹೊತ್ತು ಕೂರುವ ಹಿರಿಯರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಸಾಕು, ಯಾರಿಗೆ ಪಿಂಚಣಿ ಬರುತ್ತದೆ, ಯಾರಿಗೆ ಇಲ್ಲ ಎಂಬುದು ತಿಳಿಯುತ್ತದೆ. ಪಿಂಚಣಿ ಇರುವವರು ರಾಜಕೀಯ ಮಾತಾಡುತ್ತಾರೆ. ಇಲ್ಲದವರು ಮಕ್ಕಳ ವಿಷಯ ಮಾತಾಡುತ್ತಾರೆ.

ನಾನು ಚಿಕ್ಕವನಿದ್ದಾಗ ಕದ್ರಿ ಗುಡ್ಡದ ಕೆಳಗಿನ ನಮ್ಮ ಬಾಡಿಗೆ ಮನೆಗೆ ಮಗ್ರಿಬ್‌ಗೆ ಮುಂಚೆ ಒಬ್ಬರು ಬರುತ್ತಿದ್ದರು. ನಾವು ಮಕ್ಕಳು ಅವರನ್ನು ಪಿಗ್ಮಿ ಮಾಮ ಎಂದೇ ಕರೆಯುತ್ತಿದ್ದೆವು. ಅಮ್ಮಿ ಜೀರಿಗೆ ಡಬ್ಬಿಯೊಳಗಿಂದ ಎರಡು ರೂಪಾಯಿ ತೆಗೆದುಕೊಡುತ್ತಿದ್ದರು, ಮಾಮ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದರು. ಆ ಹಣ ನಮ್ಮ ಶಾಲೆಯ ಫೀಸಾಯಿತು, ಮಳೆಗಾಲಕ್ಕೆ ಮೊದಲು ಮಾಡಿಗೆ ಹೆಂಚಾಯಿತು, ಅಕ್ಕನ ಮದುವೆಯ ಬಳೆಯಾಯಿತು. ಅಮ್ಮಿಯ ಮುಪ್ಪಿಗೆ ಮಾತ್ರ ಏನೂ ಆಗಲಿಲ್ಲ. ಅದಕ್ಕೆ ಮಗ ಇದ್ದಾನಲ್ಲ!

ಉಳಿತಾಯದ ವಿಷಯದಲ್ಲಿ ನಮ್ಮ ಕರಾವಳಿ ದೇಶಕ್ಕೇ ಪಾಠ ಹೇಳಿದ ನೆಲ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು 5,000 ರೂಪಾಯಿ ಮೂಲಧನದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಜಾತಿ ಮತದ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲೂ ಮಿತವ್ಯಯದ ಅಭ್ಯಾಸ ಬೆಳೆಸುವುದು ಅವರ ಉದ್ದೇಶವಾಗಿತ್ತು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಆರಂಭಿಸಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಬಡವರು ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಕಾಲದಲ್ಲಿ ಬ್ಯಾಂಕೇ ಅವರ ಮೆಟ್ಟಿಲಿಗೆ ಬಂತು.

ಆದರೆ ಆ ಎರಡಾಣೆಗಳೆಲ್ಲ ಕಣ್ಣೆದುರಿನ ಖರ್ಚಿಗೆ ಸರಿಹೋಗುತ್ತಿದ್ದವು: ಮದುವೆ, ಕಾಯಿಲೆ, ಮಾಡು, ಸಣ್ಣದೊಂದು ಅಂಗಡಿ. ಮುಪ್ಪು ಯಾರ ಕಾರ್ಡಿನಲ್ಲೂ ಇರಲಿಲ್ಲ. ಸಂಬಳದಾರನ ಮುಪ್ಪಿಗೆ ಸರಕಾರ, ಉಳಿದವರ ಮುಪ್ಪಿಗೆ ಗಂಡುಮಕ್ಕಳು ಎಂಬುದು ಯಾರೂ ಬರೆಯದ ಕಾನೂನಾಗಿತ್ತು.

ಈ ಕಾನೂನನ್ನು ನಮ್ಮ ಜಿಲ್ಲೆಯಲ್ಲಿ ಮೊದಲು ಸಡಿಲಿಸಿದವರಲ್ಲಿ ಬೀಡಿ ಕಟ್ಟುವ ಹೆಂಗಸರು ಮುಖ್ಯರು. 1977ರಲ್ಲಿ ಭವಿಷ್ಯನಿಧಿ ಕಾಯ್ದೆ ಬೀಡಿ ಉದ್ಯಮಕ್ಕೆ ಅನ್ವಯವಾಯಿತು. ಮನೆಯಲ್ಲಿ ಕೂತು ಕಟ್ಟುವವರು ಕಾರ್ಮಿಕರೇ ಅಲ್ಲ ಎಂದು ಮಾಲಕರು ವಾದಿಸಿದರು. ಅವರೂ ಕಾರ್ಮಿಕರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1995ರ ನವೆಂಬರ್‌ನಲ್ಲಿ ನೌಕರರ ಪಿಂಚಣಿ ಯೋಜನೆ ಬಂದಾಗ ಹತ್ತು ವರ್ಷ ಸೇವೆಯ ಲೆಕ್ಕವಿದ್ದ ಬೀಡಿ ಕಾರ್ಮಿಕಳೂ 58ನೇ ವಯಸ್ಸಿನಲ್ಲಿ ಪಿಂಚಣಿಗೆ ಅರ್ಹಳಾದಳು. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಸಣ್ಣ ಮೊತ್ತ, ನಿಜ. ಆದರೆ ಮಾತ್ರೆಗಾಗಿ ಸೊಸೆಯ ಮುಖ ನೋಡಬೇಕಾಗಿಲ್ಲದ ಮೊತ್ತ.

ನಮ್ಮ ನೆರೆಮನೆಯ ಖಾಲಾ ಮೂವತ್ತು ವರ್ಷ ಬೀಡಿ ಕಟ್ಟಿದರು. ಬ್ರಾಂಚಿನ ಪುಸ್ತಕ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಪಿಂಚಣಿ ಬಂದದ್ದೂ ಅತ್ತೆಗೆ. ಅತ್ತೆ ತೀರಿಕೊಂಡ ಮೇಲೆ ಅದೂ ನಿಂತಿತು. "ಬೆರಳು ನನ್ನದು ಸವೆಯಿತು ಬೇಟಾ, ಹೆಸರು ನನ್ನದಿರಲಿಲ್ಲ" ಎಂದು ಒಮ್ಮೆ ಹೇಳಿದ್ದರು. ದುಡಿಮೆ ಇದ್ದರೆ ಸಾಲದು, ಹೆಸರೂ ಬೇಕು ಎಂದು ಕಲಿತದ್ದು ಅವರಿಂದ.

ಹಾಗೆಯೇ ನಮ್ಮ ಪಿಗ್ಮಿ ಮಾಮ. ಊರಿಗೆಲ್ಲ ಉಳಿತಾಯ ಕಲಿಸಿದ ಅವರಿಗೆ ಸಿಗುತ್ತಿದ್ದದ್ದು ಬರೀ ಕಮಿಷನ್. ಪಿಗ್ಮಿ ಸಂಗ್ರಾಹಕರು ಏಜೆಂಟರೇ ಹೊರತು ಕೆಲಸಗಾರರಲ್ಲ ಎಂಬುದು ಬ್ಯಾಂಕುಗಳ ವಾದವಾಗಿತ್ತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರ ಫೆಬ್ರವರಿಯಲ್ಲಿ ಅವರೂ ಕಾರ್ಮಿಕರೇ ಎಂದು ತೀರ್ಪಾಯಿತು. ಮಾಮ ಆ ಹೊತ್ತಿಗೆ ಸೈಕಲ್ ಬಿಟ್ಟು ಮಗನ ಮನೆ ಸೇರಿದ್ದರು.

ಇಂದು ಯಾರ ತೀರ್ಪಿಗೂ ಕಾಯಬೇಕಾಗಿಲ್ಲ. 2009ರಿಂದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಎಲ್ಲ ನಾಗರಿಕರಿಗೂ ತೆರೆದಿದೆ. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ ಆದಾಯ ತೆರಿಗೆ ಕಟ್ಟದ 18ರಿಂದ 40 ವರ್ಷದವರು ಸೇರಬಹುದು. ಅದರ ಲೆಕ್ಕವನ್ನು ಸ್ವಲ್ಪ ನೋಡಿ. ಅರುವತ್ತರ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ 18ರಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಬೇಕು, 40ರಲ್ಲಿ ಸೇರಿದವರು 1,454 ರೂಪಾಯಿ. ಮೊದಲಿನವರು 42 ವರ್ಷಗಳಲ್ಲಿ ಕಟ್ಟುವುದು ಒಟ್ಟು 1,05,840 ರೂಪಾಯಿ. ತಡವಾಗಿ ಬಂದವರು 20 ವರ್ಷಗಳಲ್ಲಿ 3,48,960 ರೂಪಾಯಿ. ಫಲ ಮಾತ್ರ ಒಂದೇ. ತಡ ಮಾಡಿದ್ದಕ್ಕೆ ಮೂರು ಪಾಲಿಗಿಂತ ಹೆಚ್ಚಿನ ದಂಡ! ನಲ್ವತ್ತು ವರ್ಷಗಳ ನಂತರ ಐದು ಸಾವಿರಕ್ಕೆ ಇಂದಿನ ಬೆಲೆ ಇರುವುದಿಲ್ಲ ಎಂಬುದೂ ಸತ್ಯವೇ. ಹಾಗಾಗಿ ಇದೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಬಡ್ಡಿಯ ಪ್ರಶ್ನೆ ನಮ್ಮವರಲ್ಲಿ ಅನೇಕರನ್ನು ಕಾಡುತ್ತದೆ. ಅದನ್ನು ತೀರ್ಮಾನಿಸುವ ವಿದ್ವತ್ತು ನನಗಿಲ್ಲ. ಆದರೆ ಬಡ್ಡಿ ಬೇಡ ಎಂದರೆ ಉಳಿತಾಯವೇ ಬೇಡ ಎಂದಲ್ಲ. ಹಜ್‌ಗೆಂದು ಹೊಲ, ದನ ಮಾರಿ ಬರಿಗೈಯಾಗುತ್ತಿದ್ದ ಹಳ್ಳಿಗರನ್ನು ಕಂಡು ಮಲೇಶಿಯಾದ ಅರ್ಥಶಾಸ್ತ್ರಜ್ಞ ಉಂಕು ಅಜೀಝ್ 1959ರಲ್ಲಿ ಬಡ್ಡಿರಹಿತ ಉಳಿತಾಯದ ಯೋಜನೆಯೊಂದನ್ನು ಮುಂದಿಟ್ಟರು. 1963ರಲ್ಲಿ ಅದು ಸಂಸ್ಥೆಯಾಗಿ ರೂಪು ತಳೆಯಿತು. ಅದೇ ಇಂದಿನ ತಾಬುಂಗ್ ಹಾಜಿ. ಮನಸ್ಸಿದ್ದವರು ದಾರಿ ಕಟ್ಟಿಕೊಂಡರು. ನಾವು ಪ್ರಶ್ನೆಯನ್ನೇ ನೆಪ ಮಾಡಿಕೊಂಡು ಕೂತಿದ್ದೇವೆಯೇ?

ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ? ಹಿಂದೆ ಶಾಲೆಗಳಲ್ಲಿ ಸಂಚಯಿಕಾ ಎಂಬ ಉಳಿತಾಯದ ಬ್ಯಾಂಕ್ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಮಕ್ಕಳ ಹೆಸರಿನಲ್ಲೇ ಪಿಂಚಣಿ ಖಾತೆ ತೆರೆಯುವ ಎನ್‌ಪಿಎಸ್ ವಾತ್ಸಲ್ಯ ತಂದಿತು. ಅದರ ಗಳಿಕೆ ಮಾರುಕಟ್ಟೆಯನ್ನು ಅವಲಂಬಿಸಿದೆ, ಖಾತರಿಯದ್ದಲ್ಲ. ಸೇರುವುದು ಬಿಡುವುದು ಅವರವರ ವಿವೇಚನೆ. ಆದರೆ ಮಗಳ ಮೊದಲ ಸಂಬಳದ ದಿನ, ವರದಕ್ಷಿಣೆಯ ಚಿನ್ನದ ಮಾತಿಗೆ ಮೊದಲು, ಅವಳ ಮುಪ್ಪಿನ ಮಾತು ಒಮ್ಮೆ ಬರಲಿ.

ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕು ಕಾರ್ಪೊರೇಷನ್ ಬ್ಯಾಂಕ್ ಎಂದು ಬೆಳೆದು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಸೇರಿತು. ಫಲಕಗಳು ಬದಲಾದವು. ಅಮ್ಮಿ ಈಗಲೂ ಜೀರಿಗೆ ಡಬ್ಬಿಯಲ್ಲಿ ನೋಟು ಮಡಚಿಡುತ್ತಾರೆ. ಯಾಕೆಂದು ಕೇಳಿದರೆ, "ನಿನ್ನ ಹತ್ತಿರ ಕೇಳಬಾರದಲ್ಲ" ಎನ್ನುತ್ತಾರೆ. ನಾನು ಕೊಡುವುದಿಲ್ಲ ಎಂದಲ್ಲ, ಕೇಳಬೇಕಾಗುತ್ತದೆ ಎಂಬುದೇ ಅವರ ಸಂಕಟ. ಕಳೆದ ತಿಂಗಳು ಮಗಳಿಗೆ ಹದಿನೆಂಟು ತುಂಬಿತು. ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಅರ್ಜಿ ಬರೆಸಿದೆ. ಹೆಸರಿನ ಜಾಗದಲ್ಲಿ ಅವಳ ಹೆಸರನ್ನು ಅವಳೇ ಬರೆದಳು.