ಸಾಕಿದ ಬೆಕ್ಕು ಸಾಯುವ ಹೊತ್ತು

ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಸರ್ಕಾರಿ ಪಶು ಆಸ್ಪತ್ರೆಗೆ ಜನರ ಬಾಯಲ್ಲಿರುವ ಹೆಸರು ‘ದನದ ದವಾಖಾನಿ’. ಹೆಸರೇ ಹೇಳುವಂತೆ ಅದು ಎತ್ತು, ಎಮ್ಮೆ, ಆಕಳುಗಳಿಗೆಂದು ಹುಟ್ಟಿದ್ದು. ಅಂಥ ದವಾಖಾನೆಯ ಬಾಗಿಲಿಗೆ ಬುಟ್ಟಿಯಲ್ಲೋ ರಟ್ಟಿನ ಡಬ್ಬಿಯಲ್ಲೋ ಬೆಕ್ಕನ್ನು ಇಟ್ಟುಕೊಂಡು ಬರುವವರೂ ಈಗ ಇದ್ದಾರೆ. ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಓಡಾಡಿದ ಜೀವ ಅನ್ನ ನೀರು ಬಿಟ್ಟು ಮೂಲೆ ಹಿಡಿದಾಗ, ವಾಸಿಯಾಗುವ ಲಕ್ಷಣವಿಲ್ಲ ಎಂದು ವೈದ್ಯರು ಹೇಳಿದಾಗ, ಮನೆಯವರ ಮುಂದೆ ಎರಡು ದಾರಿಗಳು ಉಳಿಯುತ್ತವೆ. ಅದು ತಾನಾಗಿ ಸಾಯುವವರೆಗೆ ನೋಡಿಕೊಳ್ಳುವುದು ಒಂದು. ಸೂಜಿಮದ್ದು ಕೊಡಿಸಿ ನೋವನ್ನು ಮುಗಿಸುವುದು ಇನ್ನೊಂದು. ಎರಡರಲ್ಲಿ ಯಾವುದು ದಯೆ, ಯಾವುದು ಪಾಪ? ಪ್ರಶ್ನೆ ಹೊಸದೆನಿಸಿದರೂ ಅದರ ಬೇರುಗಳು ನಮ್ಮ ಇತಿಹಾಸದಲ್ಲಿ ಆಳವಾಗಿಯೇ ಇವೆ.

ಈ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಜೋಳವನ್ನು ಹಿಂದಿನವರು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮನೆಯ ಬಳಕೆಯ ಕಾಳು ಚೀಲಗಳಲ್ಲಿರುತ್ತಿತ್ತು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಹೀಗೆ ಒಕ್ಕಲುತನದ ಮನೆಗೆ ಬಂದ ಬೆಕ್ಕು ಕೂಲಿ ಕೇಳದ ಕಾವಲುಗಾರನಾಯಿತು. ಆದರೆ ನಮ್ಮ ಹಬ್ಬಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಕಾರಹುಣ್ಣಿಮೆಯಂದು ಎತ್ತುಗಳಿಗೆ ಶೃಂಗಾರ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತಿಗೂ ಪೂಜೆ. ದುಡಿದ ಎತ್ತು ಸತ್ತರೆ ಪೂಜೆ ಮಾಡಿ ಹೊಲದಲ್ಲೇ ಮಣ್ಣು ಕೊಡುವ ರೈತರು ಈಗಲೂ ಇದ್ದಾರೆ. ಬೆಕ್ಕು ಮಾತ್ರ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವ ಜೀವ.

ವೈದ್ಯಶಾಸ್ತ್ರದಲ್ಲಿಯೂ ಇದೇ ಕಥೆ. ಗಜೇಂದ್ರಗಡದ ಬಳಿಯ ಸೂಡಿಯನ್ನು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಆಳಿದ್ದಳು. ಅದೇ ರಾಜವಂಶದ ಕೀರ್ತಿವರ್ಮ ಕ್ರಿ.ಶ. 1100ರ ಸುಮಾರಿಗೆ ‘ಗೋವೈದ್ಯ’ ಎಂಬ ಕನ್ನಡ ಗ್ರಂಥ ಬರೆದ. ಔಷಧದ ಜೊತೆಗೆ ಮಂತ್ರವನ್ನೂ ಹೇಳುವ ಈ ಕೃತಿ ಕನ್ನಡದ ಪಶುವೈದ್ಯ ಗ್ರಂಥಗಳಲ್ಲಿ ಬಹು ಹಳೆಯದು. ಆನೆ, ಕುದುರೆ, ಆಕಳುಗಳಿಗೆ ಶಾಸ್ತ್ರ ಬೆಳೆಯಿತು. ಅವು ರಾಜ್ಯಕ್ಕೂ ರೈತನಿಗೂ ಬೇಕಾದ ಸಂಪತ್ತು. ಬೆಕ್ಕಿನ ಆರೈಕೆ ಮನೆಯ ಹೆಣ್ಣುಮಕ್ಕಳ ಕೈಗುಣಕ್ಕೆ ಬಿಟ್ಟ ವಿಷಯವಾಯಿತು.

ಹಾಗೆಂದು ಪ್ರಾಣಿಗಳ ನೋವಿಗೆ ಈ ನೆಲ ಕಿವುಡಾಗಿರಲಿಲ್ಲ. ಗಜೇಂದ್ರಗಡಕ್ಕೆ ನೆರೆಯ ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಶಾಸನಗಳಿವೆ. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳೂ ಇವೆ. ಅವುಗಳಲ್ಲಿ ಎರಡನೆಯದು, ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿ ಸಸ್ಯಗಳು ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನು ತಿಳಿಸುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಾತಿದು.

ಸತ್ತ ಪ್ರಾಣಿಗಾಗಿ ಮರುಗಿದ್ದಕ್ಕೂ ಕಲ್ಲಿನ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಚೋಳರ ಮೇಲೆ ಕಾದಿದ ಗಂಗ ದೊರೆ ಎರಡನೆಯ ಬೂತುಗ, ತನ್ನ ವೀರ ಮಣಲೇರನಿಗೆ ಬೇಕಾದ್ದನ್ನು ಕೇಳೆಂದ. ಮಣಲೇರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾಕಿದ ಪ್ರಾಣಿಗಾಗಿ ಅಳುವುದು ಪಟ್ಟಣದವರ ಹೊಸ ಗೀಳು ಎನ್ನುವವರು ಅದನ್ನೊಮ್ಮೆ ನೋಡಬೇಕು.

ಆದರೆ ಕಾಳಿಯದು ಕಾದಾಡಿ ಬಂದ ಸಾವು. ಹಾಸಿಗೆ ಹಿಡಿದ ಪ್ರಾಣಿಯ ಸಾವನ್ನು ಮನುಷ್ಯ ತೀರ್ಮಾನಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಬೆಕ್ಕಿನ ವಿಷಯದಲ್ಲಂತೂ ನಮ್ಮವರ ಭಯ ದೊಡ್ಡದು. ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂಬ ಮಾತನ್ನು ಕೇಳದವರು ಕಡಿಮೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವೂ ಬೆಕ್ಕನ್ನು ಕೊಂದದ್ದಕ್ಕೆ ಪ್ರಾಯಶ್ಚಿತ್ತ ವಿಧಿಸುತ್ತದೆ. ಈ ಭಯ ಎಷ್ಟೋ ಬೆಕ್ಕುಗಳ ಜೀವ ಉಳಿಸಿರಬೇಕು. ಅದಕ್ಕೊಂದು ಕಪ್ಪು ಮಗ್ಗುಲೂ ಇದೆ. ಕೊಂದ ಪಾಪ ಬೇಡವೆಂದು ಕಾಯಿಲೆಯ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರಾಚೆಯ ಹಳ್ಳದ ದಂಡೆಗೆ ಬಿಟ್ಟು ಬರುವವರಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎನ್ನುತ್ತೇವೆ. ಇಲ್ಲಿ ಕಣ್ಣು ಮುಚ್ಚಿದವನು ಮನುಷ್ಯ. ಹಸಿವು, ಬಿಸಿಲು, ನಾಯಿಗಳ ಪಾಲಾದ ಆ ಸಾವು ಯಾರ ಲೆಕ್ಕಕ್ಕೆ?

ಕನ್ನಡ ನಾಡು ಸಾವಿನ ಬಗ್ಗೆ ಆಳವಾಗಿ ಯೋಚಿಸಿದ ನಾಡು. ಶ್ರವಣಬೆಳಗೊಳದಲ್ಲಿ ಏಳನೆಯ ಶತಮಾನದಿಂದ ಮೊದಲ್ಗೊಂಡು ಸಿಗುವ ಶಾಸನಗಳು, ಆಹಾರ ಬಿಟ್ಟು ಸಲ್ಲೇಖನದಿಂದ ದೇಹ ತೊರೆದವರನ್ನು ಸ್ಮರಿಸುತ್ತವೆ. ಆದರೆ ಸಲ್ಲೇಖನ ಎಂಬುದು ತನಗೆ ತಾನೇ ತೊಡುವ ವ್ರತ. ಒಬ್ಬರ ಪರವಾಗಿ ಇನ್ನೊಬ್ಬರು ಅದನ್ನು ತೊಡಲಾಗದು. ಬಾಯಿಲ್ಲದ ಪ್ರಾಣಿಯ ಪರವಾಗಿ ತೀರ್ಮಾನಿಸುವವರು ಯಾರು ಎಂಬ ಗಂಟು ಹಾಗೆಯೇ ಉಳಿಯಿತು.

ಈ ಗಂಟಿಗೆ ದೇಶದ ಮುಂದೆ ಬಹಿರಂಗವಾಗಿ ಕೈಹಾಕಿದವರು ಗಾಂಧೀಜಿ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಊನಗೊಂಡು, ಮಗ್ಗುಲು ಬದಲಿಸಲೂ ಆಗದೆ ನರಳುತ್ತಿತ್ತು. ವೈದ್ಯರು ಕೈಚೆಲ್ಲಿದ್ದರು. ಆಶ್ರಮದವರೊಂದಿಗೆ ಚರ್ಚಿಸಿ, ಗಾಂಧೀಜಿ ವೈದ್ಯರಿಂದ ಅದಕ್ಕೆ ವಿಷದ ಸೂಜಿ ಕೊಡಿಸಿದರು. ಅಹಿಂಸೆಯ ಪ್ರವರ್ತಕನೇ ಕರುವನ್ನು ಕೊಲ್ಲಿಸಿದ ಎಂದು ದೊಡ್ಡ ಗದ್ದಲವೆದ್ದಿತು. ಸಿಟ್ಟಿನ ಪತ್ರಗಳ ಮಳೆಯೇ ಸುರಿಯಿತು. ಕೊಡಲಾರದ ಪ್ರಾಣವನ್ನು ತೆಗೆಯುವ ಹಕ್ಕು ನಿಮಗೆಲ್ಲಿಯದು ಎಂದು ಕೇಳಿದವರ ಪ್ರಶ್ನೆಯನ್ನು ಗಾಂಧೀಜಿ ಹಗುರವಾಗಿ ತೆಗೆದುಕೊಳ್ಳಲಿಲ್ಲ. ‘ನವಜೀವನ’, ‘ಯಂಗ್ ಇಂಡಿಯಾ’ ಪತ್ರಿಕೆಗಳಲ್ಲಿ ಉತ್ತರಿಸುತ್ತಾ ಹೋದರು.

ಆ ಚರ್ಚೆಯಲ್ಲಿ ಅವರು ನಾಲ್ಕು ಷರತ್ತುಗಳನ್ನು ಮುಂದಿಟ್ಟರು. ಕಾಯಿಲೆ ವಾಸಿಯಾಗದ್ದಾಗಿರಬೇಕು. ಸಂಬಂಧಪಟ್ಟ ಎಲ್ಲರೂ ಬದುಕಿನ ಆಸೆ ಬಿಟ್ಟಿರಬೇಕು. ಯಾವ ನೆರವೂ ಸೇವೆಯೂ ಸಾಧ್ಯವಿಲ್ಲದ ಸ್ಥಿತಿ ಬಂದಿರಬೇಕು. ರೋಗಿ ತನ್ನ ಇಚ್ಛೆಯನ್ನು ತಿಳಿಸಲಾರದಂತಿರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಪ್ರಾಣ ತೆಗೆಯುವುದನ್ನು ಅಹಿಂಸೆ ಎನ್ನಲಾಗದು ಎಂಬುದು ಅವರ ನಿಲುವು.

ಸ್ವತಂತ್ರ ಭಾರತದ ಕಾನೂನೂ ಈ ದಿಕ್ಕಿನಲ್ಲೇ ನಡೆಯಿತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 13ನೆಯ ಕಲಮು, ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದು ಇದೆ ಎಂದು ಒಪ್ಪಿ, ಅಂಥಲ್ಲಿ ಅನಗತ್ಯ ನೋವಿಲ್ಲದೆ ಕೊನೆಗಾಣಿಸಲು ದಾರಿ ಮಾಡಿದೆ. ಅದೇ ಕಾಯಿದೆಯ 11ನೆಯ ಕಲಮಿನಂತೆ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದು ಬರುವುದು ಅಪರಾಧ. ಅಂದರೆ, ಪಾಪ ಬೇಡವೆಂದು ಹಳ್ಳದ ದಂಡೆಗೆ ಬಿಟ್ಟವನನ್ನು ಕಾನೂನು ತಪ್ಪಿತಸ್ಥನೆನ್ನುತ್ತದೆ.

ಈ ನಾಲ್ಕು ಷರತ್ತುಗಳನ್ನು ಇಂದು ಬೆಕ್ಕಿನ ಮುಂದೆ ಕುಳಿತ ಮನೆಯವರೂ ತಮಗೆ ತಾವೇ ಹಾಕಿಕೊಳ್ಳಬಹುದು. ವಯಸ್ಸಾದ ಬೆಕ್ಕುಗಳಿಗೆ ಮೂತ್ರಪಿಂಡದ ಕಾಯಿಲೆ ಸಾಮಾನ್ಯ. ಅದು ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಬೇಗ ಗೊತ್ತಾದರೆ ಪಥ್ಯದ ಆಹಾರ, ಚರ್ಮದಡಿ ಕೊಡುವ ದ್ರವ, ಔಷಧಗಳಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆಮ್ಮದಿಯಾಗಿ ಇರಬಲ್ಲದು. ವಾಸಿಯಾಗದ ಕಾಯಿಲೆ ಬೇರೆ, ಸೇವೆಗೆ ನಿಲುಕದ ಸ್ಥಿತಿ ಬೇರೆ. ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ಬಂದಂತಲ್ಲ. ಆಸೆ ಬಿಡುವ ಮಾತೂ ಒಬ್ಬರದಾಗಬಾರದು. ವೈದ್ಯರ ಜೊತೆ ಮನೆಯ ಅಜ್ಜಿಯೂ ಬೆಕ್ಕಿನ ಜೊತೆ ಮಲಗುವ ಮಗುವೂ ಆ ಮಾತಿನಲ್ಲಿ ಇರಬೇಕು.

ಬೆಕ್ಕಿಗೆ ಮಾತಿಲ್ಲ ನಿಜ, ಆದರೆ ಮೈಯಿದೆ. ತಿನ್ನುವುದನ್ನು ಬಿಡುವುದು, ಮೈ ನೆಕ್ಕಿಕೊಳ್ಳದೆ ಕೂದಲು ಗಂಟುಗಟ್ಟುವುದು, ಚೀಲಗಳ ಸಂದಿಯಲ್ಲೋ ಅಟ್ಟದ ಮೇಲೋ ಅಡಗುವುದು, ಬಾಯಿ ತೆರೆದು ಉಸಿರಾಡುವುದು ಅದರ ಭಾಷೆ. ಸಾಯುವ ಬೆಕ್ಕು ಮನೆ ಬಿಡುತ್ತದೆ ಎಂಬ ನಂಬಿಕೆಗೆ ಮೂಲ, ನೋವು ಬಂದಾಗ ಬಚ್ಚಿಟ್ಟುಕೊಳ್ಳುವ ಅದರ ಸ್ವಭಾವವೇ ಇರಬೇಕು. ನೋಡಲಾರದೆ ನಮ್ಮ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಕೊಡುವುದಂತೂ ಬೇಡ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳು ಹೆಚ್ಚಾಗಿ, ಯಾವ ಔಷಧಕ್ಕೂ ನೋವು ತಗ್ಗದಾದಾಗ ನಾಲ್ಕೂ ಷರತ್ತುಗಳು ಕೂಡಿದವು ಎನ್ನಬಹುದು. ಆಗ ವೈದ್ಯರು ಮೊದಲು ಮಂಪರು ಬರಿಸಿ, ಬಳಿಕ ಅರಿವಳಿಕೆಯ ಮದ್ದನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರಜ್ಞೆ ಮೊದಲು ಹೋಗುತ್ತದೆ, ಆಮೇಲೆ ಉಸಿರು, ಹೃದಯ.

ಕೊನೆಯವರೆಗೆ ಆರೈಕೆ ಮಾಡಿ ತಾನಾಗಿ ಹೋಗಲು ಬಿಟ್ಟವರೂ ತಪ್ಪು ಮಾಡಿದವರಲ್ಲ, ನೋವಿಗೆ ಔಷಧ ಸಿಗುವಂತಿದ್ದು ಅದನ್ನು ಕೊಡಿಸಿದ್ದರೆ. ಸೂಜಿಮದ್ದಿಗೆ ಒಪ್ಪಿದವರೂ ಪಾಪಿಗಳಲ್ಲ, ಆತುರಪಡದೆ ಎಲ್ಲ ಬಾಗಿಲು ತಟ್ಟಿ ನೋಡಿದ್ದರೆ. ಎರಡು ದಾರಿಗಳಲ್ಲಿಯೂ ಕೇಳುವುದು ಒಂದೇ: ಕೊನೆಯ ಗಳಿಗೆಯಲ್ಲಿ ಪರಿಚಿತ ಕೈಯೊಂದು ಅದರ ಮೈಮೇಲಿರಬೇಕು. ಆಮೇಲೆ ಹಿತ್ತಲಲ್ಲೋ ಹೊಲದ ಬದುವಿನಲ್ಲೋ ನಾಯಿ ಕೆದರದಷ್ಟು ಆಳದ ಕುಣಿ ತೋಡಿ ಮಣ್ಣು ಕೊಡಬೇಕು. ಎಷ್ಟೋ ವರ್ಷ ಮನೆಯ ಜೋಳ ಕಾದ ಜೀವಕ್ಕೆ ಅಷ್ಟಾದರೂ ಸಲ್ಲಬೇಕು.