ಏಳೂವರೆ ಗುಂಟೆಯ ಚೌಕ: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಜಾಗತಿಕ ಅರಣ್ಯನಾಶದ ದತ್ತಾಂಶ

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ಸಂಗಡಿಗರು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಬಳಸಿ ಇಡೀ ಜಗತ್ತಿನ ಮರಹೊದಿಕೆಯ ನಕ್ಷೆಯನ್ನು 2013ರಲ್ಲಿ ಪ್ರಕಟಿಸಿದರು. ಮರುವರ್ಷ ಆರಂಭವಾದ ಗ್ಲೋಬಲ್ ಫಾರೆಸ್ಟ್ ವಾಚ್ ಅದೇ ದತ್ತಾಂಶವನ್ನು ಆಧರಿಸಿ ಮರನಷ್ಟವನ್ನು ಗುಲಾಬಿ ಚುಕ್ಕೆಗಳಲ್ಲಿ ತೋರಿಸುತ್ತದೆ. ಅಮೆಜಾನಿನಂಥ ದಟ್ಟಕಾಡಿಗೆ ಇದು ಬಲು ಉಪಯುಕ್ತ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಗೆ ಬಂದರೆ ಅದು ಹೆಚ್ಚಾಗಿ ತೋಟದ ಕತೆಯನ್ನೇ ಹೇಳುತ್ತದೆ. ಇಲ್ಲಿನ ಕಾಡು ಅದರ ಕಣ್ಣಿಗೆ ಬೀಳುವುದು ಕಡಿಮೆ ಎಂಬುದು ಈ ಲೇಖನದ ವಾದ.

ಮೊದಲು ಅಳತೆಯ ವಿಚಾರ. ಈ ನಕ್ಷೆಯ ಪಿಕ್ಸೆಲ್ 30 ಮೀಟರ್ ಚೌಕ ಎಂಬುದು ರೂಢಿಯ ಮಾತು. ವಾಸ್ತವದಲ್ಲಿ ಅದು 0.00025 ಡಿಗ್ರಿಯ ಚೌಕ. ನಮ್ಮ 12.5 ಡಿಗ್ರಿ ಅಕ್ಷಾಂಶದಲ್ಲಿ ಅದರ ವಿಸ್ತೀರ್ಣ ಸುಮಾರು 750 ಚದರ ಮೀಟರ್, ಎಂದರೆ ಹತ್ತಿರ ಹತ್ತಿರ ಏಳೂವರೆ ಗುಂಟೆ. ಪಿಕ್ಸೆಲ್ ಎಣಿಸಿ 900ರಿಂದ ಗುಣಿಸಿದರೆ ನಷ್ಟ ಶೇ 20ರಷ್ಟು ಉಬ್ಬುತ್ತದೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ಗುಣಾಕಾರ ಯಾರೂ ಪ್ರಶ್ನಿಸದೆ ದಾಟಿಹೋಗುವುದುಂಟು.

ಇಪ್ಪತ್ತೈದು ಅಡಿ ಅಂತರದಲ್ಲಿ ಹಾಕಿದ ತೆಂಗಿನ ತೋಟದಲ್ಲಿ ಇಂಥ ಒಂದು ಚೌಕಕ್ಕೆ ಸುಮಾರು 13 ಮರ ಬೀಳುತ್ತವೆ. ಹ್ಯಾನ್ಸನ್ ಲೆಕ್ಕದಲ್ಲಿ ಐದು ಮೀಟರಿಗಿಂತ ಎತ್ತರದ ಸಸ್ಯವೆಲ್ಲ ಮರವೇ; ಆದ್ದರಿಂದ ತೋಟವೂ ಮರಹೊದಿಕೆಯೇ. ಭಾರತೀಯ ಅರಣ್ಯ ಸರ್ವೇಕ್ಷಣೆ ಒಂದು ಹೆಕ್ಟೇರಿಗೂ ಮಿಕ್ಕಿ ಶೇ 10ಕ್ಕಿಂತ ಹೆಚ್ಚು ನೆರಳಿರುವ ಯಾವ ಜಾಗವನ್ನೂ, ಅದು ಯಾರ ಖಾತೆಯಲ್ಲಿರಲಿ, ಅರಣ್ಯ ಹೊದಿಕೆಗೆ ಸೇರಿಸುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದರೋ ಕೃಷಿಗೆಂದು ಬಳಕೆಯಲ್ಲಿರುವ ನೆಲವನ್ನು ಕೈಬಿಡುತ್ತದೆ. ನಾಗಮಂಗಲದ ಒಂದೇ ತೋಟ ಎರಡು ಕಡೆ ಒಳಗೆ, ಒಂದು ಕಡೆ ಹೊರಗೆ. 2016ರ ಬರದಲ್ಲಿ ಸುಳಿ ಒಣಗಿದ ತೆಂಗನ್ನು ರೈತ ಕಡಿಸಿದ್ದರೆ, ಆ ಚುಕ್ಕೆಯನ್ನು ಅರಣ್ಯನಾಶ ಎಂದು ಓದುವುದು ಅನ್ಯಾಯ. ನೀಲಗಿರಿ ತೋಪಿನ ಕಟಾವಿಗೂ ಇದೇ ಮಾತು. ಮೇಲಾಗಿ ಪ್ರತಿ ಪಿಕ್ಸೆಲ್ಲಿಗೆ ನಷ್ಟದ ವರ್ಷ ಒಂದೇ. ನೀಲಗಿರಿ ಕೂಳೆ ಚಿಗುರಿ ಮತ್ತೆ ಕಟಾವಾದರೆ ಆ ಎರಡನೇ ಕಟಾವಿಗೆ ಲೆಕ್ಕವಿಲ್ಲ. ನಷ್ಟ ಪತ್ತೆಹಚ್ಚುವ ವಿಧಾನವೂ ನಡುವೆ ಸುಧಾರಿಸಿದೆ. ಹೀಗಾಗಿ 2015ರ ಹಿಂದುಮುಂದಿನ ಕಂಬಗಳನ್ನು ಒಂದೇ ಸ್ತಂಭಚಿತ್ರದಲ್ಲಿ ಅಕ್ಕಪಕ್ಕ ನಿಲ್ಲಿಸುವುದು ಅಪಾಯ.

ನೈಜ ಕಾಡಿರುವುದು ಮೇಲುಕೋಟೆಯ ಬೆಟ್ಟಸಾಲಿನಲ್ಲಿ. ತೋಳದ ರಕ್ಷಣೆಗೆಂದು 1974ರಲ್ಲಿ ಘೋಷಣೆಯಾದ ಇಲ್ಲಿನ ವನ್ಯಜೀವಿಧಾಮದ ವಿಸ್ತೀರ್ಣ 49.82 ಚದರ ಕಿ.ಮೀ. ಬಂಡೆಯ ಸಂದಿಯಲ್ಲಿ ಕಾರೆ, ಬಂದರೆ, ಜಾಲಿ, ನಡುನಡುವೆ ಬಾದೆಹುಲ್ಲು. ಇದರಲ್ಲಿ ಬಹಳಷ್ಟು ಆಳೆತ್ತರ ದಾಟದು, ಬೇಸಿಗೆಗೆ ಎಲೆಯನ್ನೂ ಉದುರಿಸುತ್ತದೆ. ಶೇ 10ಕ್ಕಿಂತ ಕಡಿಮೆ ನೆರಳಿದ್ದರೆ ಸರ್ವೇಕ್ಷಣೆ ಅದನ್ನು ಕುರುಚಲೆಂದು ಬೇರೆ ಪಟ್ಟಿಗೆ ಹಾಕುತ್ತದೆ. ಕುರುಚಲನ್ನು ಕಿತ್ತು ತೆಂಗು ಹಾಕಿ ನೀರುಣಿಸಿದರೆ ಕೆಲವೇ ವರ್ಷಗಳಲ್ಲಿ ನಕ್ಷೆ ಹಸಿರಾಗುತ್ತದೆ. ತೋಳಕ್ಕೆ ಮಾತ್ರ ನೆಲೆ ತಪ್ಪುತ್ತದೆ. ಇಂಥ ಬಯಲು ಪರಿಸರಗಳನ್ನೇ ಪ್ರತ್ಯೇಕವಾಗಿ ಗುರುತಿಸಿ ಎಂ. ಡಿ. ಮಧುಸೂದನ್ ಮತ್ತು ಅಬಿ ತಮಿಮ್ ವನಕ್ ತಯಾರಿಸಿದ ನಕ್ಷೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ.

ಉಪಗ್ರಹದ ಲೆಕ್ಕ 2000ದಿಂದ ಶುರುವಾಗುತ್ತದೆ ಎಂಬುದನ್ನೂ ನೆನಪಿಡಬೇಕು. 1792ರ ಮುತ್ತಿಗೆಯಲ್ಲಿ ಇಂಗ್ಲಿಷ್ ಸೇನೆ ಶ್ರೀರಂಗಪಟ್ಟಣದ ಲಾಲ್‌ಬಾಗ್ ತೋಟದ ಮರಗಳನ್ನು ಕಡಿದು ಮುತ್ತಿಗೆಯ ಸಾಮಗ್ರಿ ಮಾಡಿಕೊಂಡಿತು. ಆಮೇಲೆ ಕನ್ನಂಬಾಡಿ ಕಟ್ಟೆಯ ಹಿನ್ನೀರು, ನಾಲೆ, ಕಬ್ಬು. ಇವೆಲ್ಲ ಮುಗಿದ ಮೇಲಿನ ನೆಲವೇ ನಮ್ಮ ದತ್ತಾಂಶದ ಆರಂಭಬಿಂದು.

ಚಿತ್ರಿಸುವಾಗ ತಾಲ್ಲೂಕಿಗೊಂದು ಬಣ್ಣ ಬಳಿಯುವ ಪದ್ಧತಿಯನ್ನು ಇಲ್ಲಿ ಬಿಡುವುದೇ ಲೇಸು. ಮರ ವಿರಳವಾದಲ್ಲಿ ಎರಡು ತೋಪು ಉರುಳಿದರೂ ಶೇಕಡಾವಾರು ನಷ್ಟ ಹೌಹಾರಿಸುತ್ತದೆ. ಬದಲಿಗೆ ತೋಟ, ನೆಡುತೋಪು, ಕುರುಚಲುಗಳ ಭೂಬಳಕೆ ಪದರವನ್ನು ಕೆಳಗಿಟ್ಟು, ನಷ್ಟದ ಚುಕ್ಕೆಯನ್ನು ಅದರ ಮೇಲಿಟ್ಟು, ಹೆಕ್ಟೇರಿನಲ್ಲಿ ಅಂಕಿ ಕೊಡಬೇಕು. ಕುರುಚಲಿನ ನಷ್ಟಕ್ಕೆ ಬೇರೆಯೇ ಪದರ ಬೇಕು, ಅದನ್ನು ಕೈಯಾರೆ ಗುರುತಿಸಬೇಕಾದರೂ ಸರಿ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳು ಇದಕ್ಕೆ ತಕ್ಕ ಪರೀಕ್ಷಾಸ್ಥಳ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಸುತ್ತಲಿನ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ನಿಷೇಧಿಸಿದ್ದು ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದದ್ದರಿಂದ. ಸಿಡಿಮದ್ದಿಗೆ ಮುಂಚೆ ಆ ಬಂಡೆಗಳ ಮೇಲಿದ್ದ ಗಿಡಗಂಟಿ ಐದು ಮೀಟರಿನೊಳಗಿದ್ದರೆ ಅದರ ನಾಶ ಜಾಗತಿಕ ನಕ್ಷೆಯಲ್ಲಿ ಒಂದು ಚುಕ್ಕೆಯಾಗಿಯೂ ಮೂಡದು.